ಮದ್ಯತ್ಯಾಗವೂ ಮನಃಪರಿವರ್ತನೆಯೂ

ಶ್ರಾವಣ ಮಾಸವು ಬಂದಿತೆಂದರೆ ಕನ್ನಡ ನಾಡಿನ ಅನೇಕ ಊರುಗಳಲ್ಲಿ ಚಿಂತನೆಗೆ ಯೋಗ್ಯವಾದ ಒಂದು ಸಂಗತಿಯು ಕಂಡುಬರುತ್ತದೆ. ವರುಷದ ಉಳಿದ ದಿನಗಳಲ್ಲಿ ಹೊತ್ತು ಮುಳುಗಿತೆಂದರೆ ಮದ್ಯದ ಅಂಗಡಿಯ ಕಡೆಗೆ ತಾವಾಗಿಯೇ ಹೊರಳುವ ಕೆಲವರ ಕಾಲುಗಳು ಆ ಒಂದು ತಿಂಗಳು ಮನೆಯ ಕಡೆಗೆ ಹೊರಳುತ್ತವೆ. ಕುಡಿಯದೆ ನಿದ್ರೆ ಬಾರದೆನ್ನುತ್ತಿದ್ದವನು ನಿದ್ರಿಸುತ್ತಾನೆ; ಕುಡಿಯದೆ ದುಡಿಯಲಾರೆನೆನ್ನುತ್ತಿದ್ದವನು ದುಡಿಯುತ್ತಾನೆ; ಮಕ್ಕಳೊಡನೆ ಕುಳಿತು ಉಣ್ಣುತ್ತಾನೆ; ಪುರಾಣ ಕೇಳಲು ಮಠಕ್ಕೂ ಬರುತ್ತಾನೆ. ಇನ್ನು ಇವನು ಗೆದ್ದನೆಂದು ಮನೆಯವರು ಹಿಗ್ಗುತ್ತಾರೆ. ಆದರೆ ಶ್ರಾವಣವು ಕಳೆದ ಮರುದಿನವೇ ಅವನು ಹಿಂದಿನ ದಾರಿಯನ್ನು ಹಿಡಿಯುತ್ತಾನೆ. ಮೂವತ್ತು ದಿನಗಳ ಬಾಕಿಯನ್ನು ಒಂದೇ ರಾತ್ರಿಯಲ್ಲಿ ತೀರಿಸುವವನಂತೆ ಕುಡಿಯುತ್ತಾನೆ.

ಇಂಥವನಲ್ಲಿ ಕೊರತೆಯಾದುದು ಯಾವುದು? ಶಕ್ತಿಯ ಕೊರತೆಯೆನ್ನಲಾಗದು, ತಿಂಗಳ ಕಾಲ ನಿಲ್ಲುವ ಶಕ್ತಿಯನ್ನು ಅವನು ತೋರಿಸಿಯೇ ಇದ್ದಾನೆ. ಭಕ್ತಿಯ ಕೊರತೆಯೆಂದೂ ಸುಲಭವಾಗಿ ಹೇಳಲಾಗದು. ಭಕ್ತಿಯಿಂದಲೇ ಅವನು ನೇಮವನ್ನು ಹಿಡಿದಿದ್ದನು. ನಿಜವೇನೆಂದರೆ, ಅವನು ಮದ್ಯವನ್ನು ಬಿಡಲಿಲ್ಲ, ಮುಂದೂಡಿದನು. ಕೈ ಬಿಟ್ಟಿತು, ಬಾಯಿ ಬಿಟ್ಟಿತು, ಮನಸ್ಸು ಮಾತ್ರ ದಿನಗಳನ್ನು ಎಣಿಸುತ್ತ ಕುಳಿತಿದ್ದಿತು. ದಿನಗಳನ್ನು ಎಣಿಸುವವನು ಸೆರೆಯಾಳು. ಬಿಡುಗಡೆ ಹೊಂದಿದವನಿಗೆ ಎಣಿಸುವ ಕೆಲಸವಿಲ್ಲ. ಆದುದರಿಂದ ಮದ್ಯವನ್ನು ಬಿಡುವ ಪ್ರಶ್ನೆಯು ಮೊದಲು ಮನಸ್ಸಿನ ಪ್ರಶ್ನೆ, ಆಮೇಲೆ ಬಾಯಿಯ ಪ್ರಶ್ನೆ.

ಶರಣರು ಆಚಾರವನ್ನು ಎಷ್ಟು ಎತ್ತಿ ಹಿಡಿದರೋ ಆ ಆಚಾರದ ಹಿಂದಿರಬೇಕಾದ ಅರಿವನ್ನೂ ಅಷ್ಟೇ ಎತ್ತಿ ಹಿಡಿದರು. ಆಯ್ದಕ್ಕಿ ಮಾರಯ್ಯನ ಕಥೆಯನ್ನು ಅರಿಯದ ಭಕ್ತರಿಲ್ಲ. ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕವಾಗಿದ್ದಿತು. ಒಂದು ದಿನ ಆತನು ನಿತ್ಯದ ಅಳತೆಗೆ ಮೀರಿ ಅಕ್ಕಿಯನ್ನು ತಂದಾಗ ಸತಿ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಮಾಡಿದಳು. ಇಲ್ಲಿ ವಿಚಾರ ಮಾಡಬೇಕಾದುದು ಅಕ್ಕಿಯ ಪ್ರಮಾಣವನ್ನಲ್ಲ. ಹೆಚ್ಚಿನ ಅಕ್ಕಿಯು ಮನೆಯೊಳಗೆ ಬರುವುದಕ್ಕಿಂತ ಮುಂಚೆ ಹೆಚ್ಚಿನ ಆಸೆಯು ಗಂಡನ ಮನಸ್ಸಿನೊಳಗೆ ಬಂದಿತಲ್ಲಾ ಎಂಬುದೇ ಆಕೆಯ ಚಿಂತೆ. ಅಕ್ಕಿಯಂಥ ನಿರ್ದೋಷವಾದ ವಸ್ತುವಿನಲ್ಲಿಯೇ ಶರಣರು ಇಷ್ಟು ಎಚ್ಚರದಿಂದ ಆಸೆಯ ಮೂಲವನ್ನು ಹುಡುಕಿದರೆಂದ ಬಳಿಕ, ಬುದ್ಧಿಯನ್ನೇ ಕೆಡಿಸುವ ವಸ್ತುವಿನಲ್ಲಿ ಆ ಹುಡುಕಾಟವು ಎಷ್ಟು ಆಳವಾಗಿರಬೇಕೆಂಬುದನ್ನು ಹೇಳಬೇಕಾಗಿಲ್ಲ.

ಹಾಗಾದರೆ ಕುಡಿಯುವವನ ಮನಸ್ಸಿನಲ್ಲಿ ಇರುವುದೇನು? ಅಲ್ಲಿ ಇರುವುದು ಬರಿಯ ದುಷ್ಟತನವಲ್ಲ, ಕೆಲವು ನಂಬಿಕೆಗಳು. ಮದ್ಯವು ದಣಿವನ್ನು ಕಳೆಯುತ್ತದೆ, ನಿದ್ರೆಯನ್ನು ಕೊಡುತ್ತದೆ, ಚಳಿಗೆ ಕಾವಾಗುತ್ತದೆ, ದುಃಖವನ್ನು ಮರೆಸುತ್ತದೆ, ನಾಲ್ವರ ನಡುವೆ ಗೆಳೆತನವನ್ನು ಬೆಳೆಸುತ್ತದೆ ಎಂಬ ನಂಬಿಕೆಗಳು ಅವನಲ್ಲಿ ಬೇರೂರಿರುತ್ತವೆ. ಈ ನಂಬಿಕೆಗಳು ಇರುವವರೆಗೆ ಮದ್ಯವನ್ನು ಬಿಡುವುದೆಂದರೆ ಒಬ್ಬ ಮಿತ್ರನನ್ನು ಕಳೆದುಕೊಂಡಂತೆ. ಮಿತ್ರನನ್ನು ಕಳೆದುಕೊಂಡವನು ಎಷ್ಟು ದಿನ ಶೋಕಿಸದೆ ಇದ್ದಾನು? ಎಂದಾದರೊಂದು ದಿನ ಅವನನ್ನು ಹುಡುಕಿಕೊಂಡು ಹೋಗಿಯೇ ತೀರುತ್ತಾನೆ. ಆದುದರಿಂದ ನಂಬಿಕೆಗಳನ್ನು ಒಂದೊಂದಾಗಿ ಅರಿವಿನ ಒರೆಗಲ್ಲಿಗೆ ಹಚ್ಚಿ ನೋಡುವುದೇ ಮನಃಪರಿವರ್ತನೆಯ ಮೊದಲನೆಯ ಹೆಜ್ಜೆ.

ನಿದ್ರೆಯ ಮಾತನ್ನೇ ತೆಗೆದುಕೊಳ್ಳಬಹುದು. ಮದ್ಯವು ರೆಪ್ಪೆಯನ್ನು ಬೇಗನೆ ಮುಚ್ಚಿಸುತ್ತದೆ, ಅದು ನಿಜ. ಆದರೆ ರಾತ್ರಿಯ ಉತ್ತರಾರ್ಧದಲ್ಲಿ ಅದೇ ಮದ್ಯವು ನಿದ್ರೆಯನ್ನು ಒಡೆಯುತ್ತದೆ. ಬೆಳಗಿನ ಜಾವಕ್ಕೆ ಬೆವರು, ಬಾಯಾರಿಕೆ, ಕಾರಣವಿಲ್ಲದ ಕಳವಳಗಳಿಂದ ಅವನನ್ನು ಎಬ್ಬಿಸುತ್ತದೆ. ಸಂಜೆ ಕೊಟ್ಟಂತೆ ಮಾಡಿದುದನ್ನು ನಸುಕಿನಲ್ಲಿ ಬಡ್ಡಿಯೊಡನೆ ವಸೂಲು ಮಾಡುವ ಸಾಹುಕಾರನಂತೆ ಅದರ ವರ್ತನೆ. ಚಳಿಯ ಮಾತೂ ಹೀಗೆಯೇ. ಮದ್ಯದಿಂದ ಚರ್ಮದ ರಕ್ತನಾಳಗಳು ಹಿಗ್ಗಿ ಮೈ ಬಿಸಿಯಾದಂತೆ ತೋರುತ್ತದೆ. ವಾಸ್ತವವಾಗಿ ಒಳಗಿನ ಕಾವು ಆ ನಾಳಗಳ ಮೂಲಕ ಹೊರಕ್ಕೆ ಹೋಗುತ್ತಿರುತ್ತದೆ. ದಣಿವಂತೂ ಕಳೆಯುವುದಿಲ್ಲ, ದಣಿವನ್ನು ತಿಳಿಯುವ ಮಿದುಳು ಮಂಕಾಗುತ್ತದೆ, ಅಷ್ಟೇ. ದುಃಖವನ್ನು ಮರೆಯಲು ಕುಡಿದವನಿಗೆ ಮರುದಿನ ಆ ದುಃಖದ ಜೊತೆಗೆ ಕುಡಿದ ದುಃಖವೂ, ಖರ್ಚಾದ ಹಣದ ದುಃಖವೂ, ಆಡಿದ ಮಾತಿನ ದುಃಖವೂ ಸೇರುತ್ತವೆ. ಗೆಳೆತನದ ಪರೀಕ್ಷೆಯು ಎಲ್ಲಕ್ಕಿಂತ ಸುಲಭ. ಕುಡಿಯುವುದನ್ನು ಬಿಟ್ಟ ವಾರದಲ್ಲಿ ಯಾರು ಮನೆಯ ಬಾಗಿಲಿಗೆ ಬಂದು ಕ್ಷೇಮವನ್ನು ವಿಚಾರಿಸುವರೋ ಅವರೇ ಗೆಳೆಯರು. ಉಳಿದವರು ಬಟ್ಟಲಿನ ಗೆಳೆಯರು.

ಮಿತವಾಗಿ ಕುಡಿದರೆ ದೇಹಕ್ಕೆ ಹಿತವೆಂಬ ಮತ್ತೊಂದು ಮಾತು ಓದಿದವರಲ್ಲಿಯೂ ಉಂಟು. ಮದ್ಯಪಾನೀಯಗಳು ಅರ್ಬುದರೋಗಕ್ಕೆ, ಅಂದರೆ ಕ್ಯಾನ್ಸರಿಗೆ, ಕಾರಣವಾಗುವ ವಸ್ತುಗಳೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 1988ರಲ್ಲಿಯೇ ನಿರ್ಣಯಿಸಿತು. ಆರೋಗ್ಯಕ್ಕೆ ಅಪಾಯವಿಲ್ಲವೆಂದು ಹೇಳಬಹುದಾದ ಮದ್ಯದ ಪ್ರಮಾಣವು ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸ್ಪಷ್ಟಪಡಿಸಿತು. ಹೀಗೆ ಒರೆಗೆ ಹಚ್ಚಿದಾಗ ಮಿತ್ರನೆಂದು ನಂಬಿದವನು ಮನೆಗಳ್ಳನೆಂದು ತಿಳಿಯುತ್ತದೆ. ಮನೆಗಳ್ಳನನ್ನು ಹೊರಗೆ ಹಾಕಿದವನು ಶೋಕಿಸುವುದಿಲ್ಲ. ಬಾಗಿಲಿಗೆ ಅಗುಳಿ ಹಾಕಿ ನೆಮ್ಮದಿಯಿಂದ ಮಲಗುತ್ತಾನೆ. ತ್ಯಾಗವೆಂಬ ಭಾವವು ಬಿಡುಗಡೆಯೆಂಬ ಭಾವವಾಗಿ ತಿರುಗುವುದೇ ಮನಸ್ಸಿನ ನಿಜವಾದ ತಿರುವು.

ಹೊರಗಿನ ಕಟ್ಟಳೆಯಿಂದಲೇ ಈ ಕಾರ್ಯವಾಗದೇ ಎಂದು ಕೇಳುವವರುಂಟು. ಕಟ್ಟಳೆಯು ವ್ಯರ್ಥವೆಂದು ಹೇಳಲಾಗದು. ಮಾದಕ ಪಾನೀಯಗಳ ನಿಷೇಧಕ್ಕೆ ರಾಜ್ಯವು ಯತ್ನಿಸತಕ್ಕದ್ದೆಂದು ಭಾರತ ಸಂವಿಧಾನದ 47ನೆಯ ಅನುಚ್ಛೇದವು ನಿರ್ದೇಶಿಸುತ್ತದೆ. ಗುಜರಾತದಲ್ಲಿ ಆ ರಾಜ್ಯವು ಹುಟ್ಟಿದ 1960ರಿಂದಲೂ ಬಿಹಾರದಲ್ಲಿ 2016ರಿಂದಲೂ ಪಾನನಿರೋಧವು ಜಾರಿಯಲ್ಲಿದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿಯ ಮಾರಾಟವು ನಿಂತಿತು. ಕೂಲಿಯ ಹಣವನ್ನೆಲ್ಲ ಸಾರಾಯಿಗೆ ಸುರಿಯುತ್ತಿದ್ದವರ ಮನೆಯ ಹೆಣ್ಣುಮಕ್ಕಳು ಅಂದು ನಿಟ್ಟುಸಿರು ಬಿಟ್ಟರು. ಆದರೆ ಸಾರಾಯಿಯು ಹೋದರೂ ಬೇರೆ ಮದ್ಯದ ಅಂಗಡಿಗಳು ಉಳಿದವು. ಆಸೆಯು ಒಂದು ಅಂಗಡಿಯಿಂದ ಇನ್ನೊಂದು ಅಂಗಡಿಗೆ ನಡೆಯಿತು. ನಿಷೇಧವಿದ್ದ ಗುಜರಾತ ಬಿಹಾರಗಳೆರಡರಲ್ಲಿಯೂ 2022ರಲ್ಲಿ ಕಳ್ಳತನದಿಂದ ಮಾರಿದ ವಿಷಮದ್ಯವನ್ನು ಕುಡಿದು ಅನೇಕರು ಪ್ರಾಣವನ್ನು ನೀಗಿದರು. ಕಟ್ಟಳೆಯು ಅಂಗಡಿಗೆ ಬೀಗ ಹಾಕಬಲ್ಲದು. ಮನಸ್ಸಿನ ಬೀಗದ ಕೈಯು ಮನಸ್ಸಿನವನ ಹತ್ತಿರವೇ ಇರುತ್ತದೆ.

ಆ ಬೀಗದ ಕೈಯನ್ನು ಅವನ ಕೈಯಿಂದಲೇ ತೆಗೆಯಿಸುವ ಉಪಾಯವನ್ನು ಶರಣಪರಂಪರೆಯು ಬಲ್ಲದು. ಹನ್ನೆರಡನೆಯ ಶತಮಾನದ ಶರಣರ ಗಣದಲ್ಲಿ ಹೆಂಡದ ಮಾರಯ್ಯನೆಂಬವನು ಇದ್ದನು. ಹೆಂಡವನ್ನು ಮಾರುವುದು ಅವನ ವೃತ್ತಿಯಾಗಿದ್ದಿತೆಂಬುದನ್ನು ಹೆಸರೇ ಹೇಳುತ್ತದೆ. ಅವನು ತನ್ನ ವಚನಗಳಲ್ಲಿ ಆ ವೃತ್ತಿಯ ಪರಿಭಾಷೆಯನ್ನೇ ತಿರುಗಿಸಿ ಅರಿವಿನ ಮಾತನ್ನು ಆಡಿದನು. ಅಂಥವನನ್ನು ಶರಣರು ಬಾಗಿಲಿನ ಹೊರಗೆ ನಿಲ್ಲಿಸಲಿಲ್ಲ. ಮೊದಲು ಶುದ್ಧನಾಗು, ಆಮೇಲೆ ಒಳಗೆ ಬಾ ಎನ್ನುವುದು ಲೋಕದ ರೀತಿ. ಒಳಗೆ ಬಾ, ಅರಿವಿನಿಂದ ಶುದ್ಧನಾಗುವೆ ಎನ್ನುವುದು ಶರಣರ ರೀತಿ. ತಿರಸ್ಕಾರದಿಂದ ಮನುಷ್ಯನು ಮುಚ್ಚಿಡುವುದನ್ನು ಕಲಿಯುತ್ತಾನೆಯೇ ಹೊರತು ಬಿಡುವುದನ್ನು ಕಲಿಯುವುದಿಲ್ಲ.

ಇತ್ತೀಚಿನ ಕಾಲದಲ್ಲಿ ಇದಕ್ಕೆ ಉಜ್ವಲವಾದ ನಿದರ್ಶನವೆಂದರೆ ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ್ವರ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು (1930–2018). 1975ರಲ್ಲಿ ಪೂಜ್ಯರು ಜೋಳಿಗೆಯನ್ನು ಹೆಗಲಿಗೇರಿಸಿ ಭಿಕ್ಷೆಗೆ ಹೊರಟರು. ಅವರು ಬೇಡಿದುದು ಕಾಳನ್ನಲ್ಲ, ಕಾಸನ್ನಲ್ಲ, ಜನರ ದುಶ್ಚಟಗಳನ್ನು. ಊರೂರು ಕೇರಿಕೇರಿಗಳಲ್ಲಿ ಜನರು ಮದ್ಯವನ್ನೂ ಬೀಡಿ ತಂಬಾಕುಗಳನ್ನೂ ಆ ಜೋಳಿಗೆಗೆ ಹಾಕಿದರು. ಮಹಾಂತ ಜೋಳಿಗೆಯೆಂಬ ಹೆಸರಿನಿಂದ ಅದು ನಾಡಿನ ಎಲ್ಲೆಗಳನ್ನೂ ದಾಟಿತು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ.

ಈ ಜೋಳಿಗೆಯಲ್ಲಿ ಅಡಗಿರುವ ತತ್ತ್ವವನ್ನು ಗಮನಿಸಬೇಕು. ಕುಡಿಯುವವನು ಜೀವನವಿಡೀ ಬೈಗುಳವನ್ನು ಕೇಳಿದವನು; ಎಲ್ಲರೂ ಅವನಿಂದ ಏನನ್ನಾದರೂ ಕಸಿಯಲೆಳಸಿದವರೇ. ಹೆಂಡತಿಯು ಸೀಸೆಯನ್ನು ಕಸಿದಳು, ತಂದೆಯು ಹಣವನ್ನು ಕಸಿದನು, ಊರವರು ಮಾನವನ್ನು ಕಸಿದರು. ಕಸಿದುಕೊಂಡುದನ್ನು ಮರಳಿ ಪಡೆಯಬೇಕೆಂಬುದು ಮನಸ್ಸಿನ ಸ್ವಭಾವ. ಆದರೆ ಜಂಗಮನು ಬಾಗಿಲಲ್ಲಿ ನಿಂತು ಬೇಡಿದಾಗ ಅದೇ ಮನುಷ್ಯನು ಒಮ್ಮೆಲೇ ದಾನಿಯಾಗುತ್ತಾನೆ. ಕೊಟ್ಟುದನ್ನು ಮರಳಿ ಕೇಳುವುದು ಯಾವ ಗೃಹಸ್ಥನಿಗೂ ಶೋಭಿಸದು. ನಾಚಿಕೆಯಿಂದ ತಲೆ ತಗ್ಗಿಸಿದವನು ದಾಸೋಹಿಯಾಗಿ ತಲೆಯೆತ್ತುತ್ತಾನೆ. ವಸ್ತುವು ಅದೇ, ಮನುಷ್ಯನು ಅವನೇ; ಬದಲಾದುದು ಅವನು ತನ್ನನ್ನು ತಾನು ಕಾಣುವ ಬಗೆ. ತಾನು ಕುಡುಕನು, ಕುಡಿಯದಿರಲು ಹೆಣಗುತ್ತಿರುವೆನು ಎಂಬ ಭಾವಕ್ಕೂ, ತಾನು ಭಕ್ತನು, ಇದು ತನಗೆ ಸಲ್ಲದು ಎಂಬ ಭಾವಕ್ಕೂ ಇರುವ ಅಂತರದಲ್ಲಿಯೇ ಮದ್ಯತ್ಯಾಗದ ಸೋಲು ಗೆಲವುಗಳು ಅಡಗಿವೆ.

ಇಲ್ಲಿ ಒಂದು ಗಂಭೀರವಾದ ಆಕ್ಷೇಪವು ಏಳುತ್ತದೆ. ಮದ್ಯವ್ಯಸನವು ಒಂದು ರೋಗವೆಂದು ವೈದ್ಯರು ಹೇಳುತ್ತಿರುವಾಗ ಮನಸ್ಸನ್ನು ತಿದ್ದಿಕೋ ಎಂದು ರೋಗಿಗೆ ಹೇಳುವುದು ಕ್ರೌರ್ಯವಲ್ಲವೇ? ಜ್ವರ ಬಂದವನಿಗೆ ಯಾರೂ ಹಾಗೆ ಹೇಳುವುದಿಲ್ಲವಲ್ಲ? ಈ ಆಕ್ಷೇಪದಲ್ಲಿ ದೊಡ್ಡ ಸತ್ಯವಿದೆ. ಬಹುಕಾಲ ಪ್ರತಿನಿತ್ಯ ಹೆಚ್ಚಾಗಿ ಕುಡಿದವನ ಮಿದುಳು ಮದ್ಯಕ್ಕೆ ಹೊಂದಿಕೊಂಡುಬಿಟ್ಟಿರುತ್ತದೆ. ಅಂಥವನು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಬೆವರು, ವಾಂತಿಗಳು ತೋರುತ್ತವೆ. ಕೆಲವರಿಗೆ ಎರಡು ಮೂರು ದಿನಗಳೊಳಗಾಗಿ ಅಪಸ್ಮಾರದಂಥ ಸೆಳವೂ, ಇಲ್ಲದುದನ್ನು ಕಾಣುವ ಭ್ರಮೆಯೂ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಇಂಥವನನ್ನು ಕೋಣೆಯಲ್ಲಿ ಕೂಡಿಹಾಕಿ ಆಣೆ ಪ್ರಮಾಣ ಮಾಡಿಸುವುದು ಭಕ್ತಿಯಲ್ಲ, ಅವಿವೇಕ. ಅವನನ್ನು ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಮೊದಲಾದ ಸಂಸ್ಥೆಗಳಲ್ಲಿ ಇದಕ್ಕೆ ಚಿಕಿತ್ಸೆಯುಂಟು. ನಡುಕವನ್ನು ಕಳೆಯುವ ಔಷಧಗಳಿವೆ, ಕುಡಿಯುವ ತುಡಿತವನ್ನು ತಗ್ಗಿಸುವ ಔಷಧಗಳೂ ಇವೆ. ಅಂಗದ ಮೇಲೆ ಲಿಂಗವನ್ನು ಧರಿಸಿದವನಿಗೆ ಆ ಅಂಗಕ್ಕೆ ಮದ್ದು ಮಾಡಿಸುವುದು ನಾಚಿಕೆಯ ಮಾತಾಗುವುದೆಂತು?

ಆದರೆ ರೋಗವೆಂಬ ಮಾತ್ರದಿಂದ ಮನಸ್ಸಿನ ಹೊಣೆಯು ಹೋಯಿತೆಂದು ತಿಳಿಯಲಾಗದು. ದೂಷಣೆ ಬೇರೆ, ಹೊಣೆ ಬೇರೆ. ರೋಗವು ಬಂದುದಕ್ಕಾಗಿ ರೋಗಿಯನ್ನು ದೂಷಿಸುವುದು ಅನ್ಯಾಯ. ಬಂದ ರೋಗವನ್ನು ರೋಗವೆಂದು ಒಪ್ಪಿಕೊಂಡು ವೈದ್ಯನ ಬಾಗಿಲಿಗೆ ನಡೆಯುವ ಹೊಣೆಯು ಮಾತ್ರ ಅವನದೇ. ವ್ಯಸನವೆಂಬ ರೋಗದ ವಿಶೇಷವೇ ಇದು: ತನಗೆ ರೋಗವಿಲ್ಲವೆಂದು ರೋಗಿಯ ಬಾಯಿಂದಲೇ ಅದು ಹೇಳಿಸುತ್ತದೆ. ನಾಳೆ ಬಿಡುವೆನು, ಬೇಕೆಂದಾಗ ಬಿಡಬಲ್ಲೆನು, ತನಗಿಂತ ಹೆಚ್ಚು ಕುಡಿಯುವವರಿಲ್ಲವೇ ಎಂಬ ಮಾತುಗಳು ಅವನವಲ್ಲ. ಅವನ ನಾಲಗೆಯ ಮೇಲೆ ಕುಳಿತ ಮದ್ಯದವು. ಅವುಗಳನ್ನು ಗುರುತಿಸಿದ ದಿನ ಅರ್ಧ ಚಿಕಿತ್ಸೆಯಾದಂತೆ. ಹೀಗೆ ಔಷಧವೂ ಅರಿವೂ ಒಂದಕ್ಕೊಂದು ವಿರೋಧಿಗಳಲ್ಲ. ಒಂದು ದೇಹವನ್ನು ನಿಲ್ಲಿಸುತ್ತದೆ, ಇನ್ನೊಂದು ನಿಂತ ದೇಹಕ್ಕೆ ದಾರಿಯನ್ನು ತೋರಿಸುತ್ತದೆ.

ಇನ್ನು ನೇಮವು ಮುರಿದಾಗ ಮಾಡಬೇಕಾದುದೇನು? ಬಿಟ್ಟವರಲ್ಲಿ ಅನೇಕರು ಒಮ್ಮೆಯಲ್ಲ ಒಮ್ಮೆ ಜಾರುತ್ತಾರೆ. ಆಗ ಮನಸ್ಸು ಆಡುವ ಆಟವು ಅತ್ಯಂತ ಅಪಾಯಕರವಾದುದು. ವ್ರತವು ಹೇಗೂ ಕೆಟ್ಟಿತು, ಇನ್ನು ಪೂರಾ ಕುಡಿದರೇನು ಎಂದು ಅದು ವಾದಿಸುತ್ತದೆ. ಬಿಂದಿಗೆಯಿಂದ ಒಂದು ತಂಬಿಗೆ ನೀರು ಚೆಲ್ಲಿತೆಂದು ಉಳಿದುದನ್ನೆಲ್ಲ ಸುರಿಯುವ ಗೃಹಿಣಿಯಿಲ್ಲ. ಆದರೆ ವಿವೇಕಿಗಳೂ ಈ ವಿಷಯದಲ್ಲಿ ಹಾಗೆ ಸುರಿಯುತ್ತಾರೆ. ಜೀವನಪರ್ಯಂತ ಮುಟ್ಟುವುದಿಲ್ಲವೆಂಬ ಒಂದೇ ದೊಡ್ಡ ಪ್ರಮಾಣದ ಭಾರಕ್ಕೆ ಬಗ್ಗುವ ಬದಲು, ಈ ದಿನ ಮುಟ್ಟುವುದಿಲ್ಲವೆಂಬ ಚಿಕ್ಕ ನೇಮವನ್ನು ದಿನದಿನವೂ ಹಿಡಿಯುವುದು ಜಾಣತನ. ಅಮೆರಿಕದಲ್ಲಿ 1935ರಲ್ಲಿ ಕುಡಿತಕ್ಕೆ ಸಿಕ್ಕಿದ್ದ ಇಬ್ಬರು, ಒಬ್ಬ ವ್ಯಾಪಾರಸ್ಥ, ಒಬ್ಬ ವೈದ್ಯ, ಪರಸ್ಪರ ನೆರವಾಗಿ ಕಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಬಳಗವು ಇಂದು ಜಗತ್ತಿನಲ್ಲೆಲ್ಲ ಹಬ್ಬಿದೆ. ಅದರ ಸದಸ್ಯರು ಅನುಸರಿಸುವುದೂ ಈ ದಿನದ ಲೆಕ್ಕವನ್ನೇ. ಲಿಂಗಪೂಜಕನಿಗೆ ಈ ತತ್ತ್ವವು ಹೊಸದಲ್ಲ. ನಿನ್ನೆ ಪೂಜೆ ಮಾಡಿದೆನೆಂದು ಇಂದು ಬಿಡುವ ಭಕ್ತನಿಲ್ಲ. ನಾಳೆಯ ಪೂಜೆಯನ್ನು ಇಂದೇ ಮಾಡಿ ಮುಗಿಸುವ ಭಕ್ತನೂ ಇಲ್ಲ. ಪ್ರತಿದಿನದ ಪೂಜೆಯು ಪ್ರತಿದಿನ ಹೊಸತು. ಬೆಳಗಿನ ಆ ಮೌನದ ಗಳಿಗೆಯಲ್ಲಿ ಅಂಗೈಯ ಲಿಂಗವನ್ನು ದಿಟ್ಟಿಸುತ್ತ, ಈ ದಿನ ಈ ಅಂಗವನ್ನು ಕೆಡಿಸಲಾರೆನೆಂದು ನೆನೆಯುವವನಿಗೆ ಬೇರೆ ಆಣೆಯ ಅಗತ್ಯವಿಲ್ಲ.

ಮನಸ್ಸು ತಿರುಗಿದ ಮೇಲೆಯೂ ಸಂಜೆಯ ಹೊತ್ತು ಬರಿದಾಗಿಯೇ ಉಳಿದರೆ ಅಪಾಯವು ತಪ್ಪದು. ಗೆಯ್ಮೆ ಮುಗಿದು ಊಟಕ್ಕೆ ಇನ್ನೂ ಹೊತ್ತಿರುವ ಆ ಒಂದೆರಡು ಗಂಟೆಗಳೇ ಹಳೆಯ ಕಾಲ್ದಾರಿಯು ಕರೆಯುವ ಗಂಟೆಗಳು. ಅವುಗಳನ್ನು ಕಾಯಕದಿಂದಲೋ ಸತ್ಸಂಗದಿಂದಲೋ ಮಕ್ಕಳ ಪಾಠದಿಂದಲೋ ತುಂಬಬೇಕು. ದಿನಕ್ಕೆ ನೂರು ರೂಪಾಯಿಯನ್ನು ಮದ್ಯಕ್ಕೆ ತೆರುತ್ತಿದ್ದವನು ವರುಷಕ್ಕೆ 36,500 ರೂಪಾಯಿಗಳನ್ನು ತೆತ್ತಂತಾಯಿತು. ಆ ಹಣದಲ್ಲಿ ಒಂದು ಪಾಲು ಮಗಳ ಓದಿಗೆ, ಒಂದು ಪಾಲು ಸಾಲಕ್ಕೆ, ಒಂದು ಪಾಲು ದಾಸೋಹಕ್ಕೆ ಸಂದಾಗ ಬಿಟ್ಟುದರ ಫಲವು ಕಣ್ಣಿಗೆ ಕಾಣುತ್ತದೆ. ಕಣ್ಣಿಗೆ ಕಂಡ ಫಲವು ನೂರು ಉಪದೇಶಗಳಿಗಿಂತ ಹೆಚ್ಚು ಕಾಲ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ.

ಕೊನೆಯದಾಗಿ, ಪರಿವರ್ತನೆಯು ಕುಡಿಯುವವನೊಬ್ಬನ ಮನಸ್ಸಿನಲ್ಲಿ ಆದರೆ ಸಾಲದು. ಅವನ ಸುತ್ತಲಿನವರ ಮನಸ್ಸಿನಲ್ಲಿಯೂ ಆಗಬೇಕು. ಬಿಟ್ಟು ಆರು ತಿಂಗಳಾದವನಿಗೆ ಜಗಳದ ಮಧ್ಯೆ ಹಳೆಯ ಹೆಸರನ್ನು ಹಿಡಿದು ಹಂಗಿಸುವ ಮನೆಯವರು ತಿಳಿಯದೆಯೇ ಅವನನ್ನು ಹಳೆಯ ದಾರಿಗೆ ನೂಕುತ್ತಾರೆ. ಹಾಗೆಂದು ಹೆಂಡತಿಯು ಹೊಡೆತವನ್ನು ಸಹಿಸಿಕೊಂಡು, ಸಾಲವನ್ನು ಮುಚ್ಚಿಟ್ಟು, ಸುಳ್ಳು ಹೇಳಿ ಅವನ ಮಾನವನ್ನು ಕಾಯಬೇಕೆಂದಲ್ಲ. ಲಕ್ಕಮ್ಮನು ಗಂಡನ ತಪ್ಪನ್ನು ಮುಚ್ಚಿಡಲೂ ಇಲ್ಲ, ಬೀದಿಗೆ ತಂದು ಅವಮಾನಿಸಲೂ ಇಲ್ಲ. ಸತ್ಯವನ್ನು ಎದುರಿಗೆ ಹೇಳಿ ತಿದ್ದಿದಳು. ಅದೇ ಸತಿಪತಿಗಳ ನಿಜವಾದ ಧರ್ಮ. ಇನ್ನು ಮದುವೆ ನಿಶ್ಚಯ, ಮನೆಯ ಪ್ರವೇಶ, ಚುನಾವಣೆ ಎಂದು ನೆಪ ಹುಡುಕಿ ಮದ್ಯವನ್ನು ಹಂಚುವ ಗಣ್ಯರು, ತಾವು ಕುಡಿಯಲಿಲ್ಲವಾದುದರಿಂದ ತಾವು ನಿರ್ದೋಷಿಗಳೆಂದು ತಿಳಿಯಬಾರದು. ಒಮ್ಮೆಯೂ ಮದ್ಯವನ್ನು ಮುಟ್ಟದ ಸದ್ಭಕ್ತನಿಗೂ ಒಂದು ಎಚ್ಚರಿಕೆಯು ಸಲ್ಲುತ್ತದೆ. ತಾನು ಮುಟ್ಟಲಿಲ್ಲವೆಂಬ ಗರ್ವದಿಂದ ಬಿದ್ದವನನ್ನು ಕೀಳಾಗಿ ಕಾಣುವುದಾದರೆ, ಅವನೂ ಒಂದು ಬಗೆಯ ಮದವನ್ನು ಏರಿಸಿಕೊಂಡವನೇ. ಆ ಮದಕ್ಕೆ ವಾಸನೆಯಿಲ್ಲ, ಅಷ್ಟೇ ಭೇದ.

ಬಿಟ್ಟವನ ಮನಸ್ಸು ಪೂರ್ಣವಾಗಿ ತಿರುಗಿತೆಂಬುದಕ್ಕೆ ಗುರುತು ಯಾವುದು? ಅದು ಸಭೆಯಲ್ಲಿ ಎದ್ದು ಮಾಡಿದ ಪ್ರತಿಜ್ಞೆಯಲ್ಲ, ಕಣ್ಣೀರೂ ಅಲ್ಲ. ಒಂದು ಸಂಜೆ ಅವನು ಗೆಯ್ಮೆಯಿಂದ ಮನೆಗೆ ಬರುತ್ತಾನೆ. ಕೈಕಾಲು ತೊಳೆದು ಮಕ್ಕಳೊಡನೆ ಕುಳಿತು ಉಂಡು ಏಳುತ್ತಾನೆ. ಮಲಗುವ ಹೊತ್ತಿಗೆ, ತಾನು ದಾರಿಯಲ್ಲಿ ಆ ಅಂಗಡಿಯ ಮುಂದೆಯೇ ಬಂದೆನಾದರೂ ಅದನ್ನು ನೋಡಲಿಲ್ಲವೆಂಬುದು ಅವನಿಗೆ ನೆನಪಾಗುತ್ತದೆ. ಅಂದು ಅವನು ಏನನ್ನೂ ಗೆಲ್ಲಲಿಲ್ಲ, ಹೋರಾಡಲಿಲ್ಲ. ಹೋರಾಟವೇ ಬೇಡವಾಯಿತು. ಮರುದಿನ ಬೆಳಗ್ಗೆ ಆತನು ಎಂದಿನಂತೆ ಎದ್ದು ಆ ದಿನದ ನೇಮವನ್ನು ಹಿಡಿಯಲಿ.